ಎರಡನೇ ಆರನೇ ತಿಂಗಳು

"ಅಮ್ಮನಾ? ತಮ್ಮನ ಮನೇಲಿರ್ತಾಳೆ, ಹೋಗಿ ನೋಡು," ಎಂದ ಗ್ವಾಂಗ್‌ಫು, ಕಲ್ಲಂಗಡಿ ಬೀಜ ಉಗುಳುತ್ತಾ.

ತಂಗಿ ಹುಯ್‌ಫೆನ್ ಕೈಚೀಲ ಕೆಳಗಿಟ್ಟಳು. ಅವಳು ಬಂದದ್ದೇ ತಮ್ಮನ ಮನೆಯಿಂದ! ಅಧಿಕ ಮಾಸದಲ್ಲಿ ಮಗಳು ಕಾಲಿಗೆ ಹೊಸ ಜೋಡು ತೊಡಿಸಿದರೆ ತಾಯಿಗೆ ಆಯುಷ್ಯ ಹೆಚ್ಚುತ್ತದೆಂದು ಮೂರು ಬಸ್ಸು ಬದಲಿಸಿ ಬಂದಿದ್ದಳು. ಅಲ್ಲಿ ತಮ್ಮ ಚಾಂಗ್‌ಶುನ್, "ಅಣ್ಣನ ಮನೇಲಿದಾಳಲ್ಲ ಅಕ್ಕ" ಎಂದು ಇತ್ತ ಕೈ ತೋರಿಸಿದ್ದ.

"ಅಲ್ಲಿಲ್ಲ ಕಣೋ ಅಣ್ಣಾ!"

"ಇಲ್ದೆ ಏನು? ಅಪ್ಪ ಹೋದಾಗ ಊರ ಹಿರಿಯರ ಮುಂದೆ ಆದ ಮಾತೇನು? ಅಮ್ಮನ್ನ ನೋಡ್ಕೊಳ್ಳೋಕೆ ಬೆಸ ತಿಂಗಳು ನಂದು, ಸಮ ತಿಂಗಳು ಅವನದು. ಅಧಿಕ ಮಾಸ ಅಂತ ಆರು ಮುಗಿದ ಮೇಲೆ ಮತ್ತೆ ಆರೇ ಬಂದ್ರೆ ನಾನೇನ್ ಮಾಡ್ಲಿ?"

ಅಕ್ಕನ ಬೆನ್ನಿಗೇ ಬಂದಿದ್ದ ಚಾಂಗ್‌ಶುನ್ ರೇಗಿದ. "ನನ್ನ ಆರು ಮುಗೀತು. ಒಂದನೇ ದಿನವೇ ಗಂಟು ಸಮೇತ ನಿನ್ನ ಬಾಗಿಲಿಗೆ ಬಿಟ್ಟು ಹೋದೆ!"

"ನಾನು ಆಗ್ಲೇ ವಾಪಸ್ ಕಳಿಸಿದ್ನಲ್ಲ!"

 ಅಂದು ತಿಂಗಳಿನ ಹತ್ತನೇ ದಿನ. ಹೆತ್ತ ತಾಯಿ ಕಾಣೆಯಾಗಿ ಒಂಬತ್ತು ದಿನವಾಗಿತ್ತು, ಎರಡೂ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!  ಬಾವಿ, ಕೆರೆ, ಏನೇನೋ ಹುಯ್‌ಫೆನ್‌ಳ ಕಣ್ಮುಂದೆ ಬಂದವು.

ಓಡಾಡಿ ಹುಡುಕಿದರೆ ಮುದುಕಿ ಸಿಕ್ಕಿದ್ದು ಮೆಕ್ಕೆಜೋಳದ ಹೊಲದಂಚಿನ ಪಾಳು ಪಂಪ್‌ಹೌಸಿನಲ್ಲಿ. ಮೂರು ಇಟ್ಟಿಗೆಯ ಒಲೆಯ ಮೇಲೆ ಶ್ಯಾವಿಗೆ ಬೇಯಿಸುತ್ತಿದ್ದಳು.

"ನಂಗೊಂದು ಫೋನ್ ಮಾಡ್ಬಾರ್ದಾಗಿತ್ತಾ ಅಮ್ಮಾ?" ಹುಯ್‌ಫೆನ್ ಗಳಗಳನೆ ಅತ್ತಳು.

"ಮದುವೆಯಾಗಿ ಹೋದವಳು ನೀನು. ನಿನ್ನ ಹೆಸರಿಗೆ ಯಾವ ತಿಂಗಳೂ ಇಲ್ವಲ್ಲೇ."

ಗಂಡುಮಕ್ಕಳು ತಲೆ ತಗ್ಗಿಸಿದರು. ಅದೂ ಒಂದು ಗಳಿಗೆ ಅಷ್ಟೇ. "ಆಯ್ತು, ಅರ್ಧ ಅರ್ಧ ಇಟ್ಕೊಳ್ಳೋಣ," ಎಂದ ಗ್ವಾಂಗ್‌ಫು. "ಈ ತಿಂಗಳಿಗೆ ಇಪ್ಪತ್ತೊಂಬತ್ತು ದಿನ. ನಂಗೆ ಹದಿನಾಲ್ಕು, ನಿಂಗೆ ಹದಿನೈದು."

"ನಂಗ್ಯಾಕೆ ಒಂದು ಜಾಸ್ತಿ? ಅದೂ ಅಲ್ದೆ, ಇಲ್ಲಿ ಕಳೆದ ಒಂಬತ್ತು ದಿನ ಯಾರ ಪಾಲಿಗೆ?"

 ಮುದುಕಿ ಮಾತ್ರ ಒಲೆಯ ಉರಿ ತಗ್ಗಿಸುತ್ತಾ ಶಾಂತವಾಗಿ ಹೇಳಿದಳು:

"ಕಿತ್ತಾಡ್ಬೇಡ್ರಪ್ಪ. ಆ ಒಂಬತ್ತು ದಿನ ನನ್ನ ಪಾಲಿಗೆ ಹಾಕಿ. ನಿಮ್ಮಮ್ಮನ್ನ ನಾನೇ ನೋಡ್ಕೊಂಡಿದೀನಿ."