ಒಂದು ಗೇಣು ದೂರ

ಅರ್ಜೆಂಟಿದ್ರೂ ಒಂಚೂರು ನಿಂತು ಇದನ್ನ ಪೂರ್ತಿ ಕೇಳ್ರಿ. ನಿಮ್ಮ ವಾಟ್ಸಾಪಿಗೂ ಆ ವಿಡಿಯೋ ಬಂದಿರುತ್ತೆ. ಅದ್ರಾಗೆ ಕಪಾಳಕ್ಕೆ ಬಿದ್ದದ್ದು ಮಾತ್ರ ಐತೆ. ಅದಕ್ಕೆ ಮುಂಚಿಂದು ಇಲ್ಲ.

ಹರಿಹರದ ಸ್ಕೂಲ್ ಮೈದಾನ. ಹೈಸ್ಕೂಲ್ ಹುಡುಗೀರ ಖೋ ಖೋ ಫೈನಲ್. ಈ ಕಡೆ ದಾವಣಗೆರೆ ವಿನೋಬನಗರದ ಟೀಮು, ಆ ಕಡೆ ಮಲೆಬೆನ್ನೂರು. ಅಂಪೈರ್ ನಿಂಗರಾಜು ಸೀಟಿ ಊದಿ, ಓಡ್ತಿದ್ದ ವಿನೋಬನಗರದ ರೂಪಶ್ರೀ ಕಡೆ ಕೈ ತೋರಿಸಿ ಔಟ್ ಅಂದ. ಎತ್ತಿದ ಕೈ ಇಳಿಸೋದ್ರೊಳಗೆ ಅವಳಪ್ಪ ವೀರೇಶ್ ಹಗ್ಗ ಹಾರಿ ಬಂದು ಅಂಪೈರ್ ಕಪಾಳಕ್ಕೆ ಬಾರಿಸೇಬಿಟ್ಟ.

“ಕಣ್ಣು ಏನು ಬಾಡಿಗೆಗೆ ಕೊಟ್ಟಿದ್ದೀಯೇನಲೇ? ನನ್ನ ಮಗಳನ್ನ ಮುಟ್ಟೇ ಇಲ್ಲ. ಹೆಂಡ್ತಿ ಊರು ಅಂತ ಗೆಲ್ಲಿಸಕ್ಕೆ ನಿಂತಿಯೇನು?”

ನಿಂಗರಾಜು ಹೆಂಡ್ತಿ ಮಲೆಬೆನ್ನೂರಿನೋಳು, ಅದು ನಿಜ. “ಮಾವನ ಮನೇಲಿ ಹೋಳಿಗೆ ಗ್ಯಾರಂಟಿ ಬಿಡಪ್ಪ” ಅಂತ ಹಿಂದಿಂದ ಯಾರೋ ಅಂದ್ರು, ಜನ ನಕ್ರು. ನಿಂಗರಾಜು ಬಿದ್ದಿದ್ದ ಸೀಟಿ ಎತ್ತಿ ಪ್ಯಾಂಟಿಗೆ ಒರೆಸಿಕೊಂಡ.

ಅಂಕಣದ ಇನ್ನೊಂದು ಬದಿಗೆ ಎರಡನೇ ಅಂಪೈರ್ ಶಾಂತಲಾ ನಿಂತಿದ್ಲು.  ಅವಳು ಎಲ್ಲ ನೋಡಿದ್ಲು. ಅಟ್ಟಿಸಿಕೊಂಡು ಬಂದ ಹುಡುಗಿ ಕೈಗೂ ರೂಪಶ್ರೀ ಬೆನ್ನಿಗೂ ಒಂದು ಗೇಣು ದೂರ ಇತ್ತು. ಆದ್ರೆ ಆ ಅರ್ಧ ಅಂಕಣ ನಿಂಗರಾಜುದು, ತೀರ್ಪೂ ಅವನದೇ. ವಿನೋಬನಗರ ಒಂದೇ ಪಾಯಿಂಟಲ್ಲಿ ಸೋತಿತು.

ನಿಂಗರಾಜು ಹೊಸದಾಗಿ ಪಿ.ಟಿ. ಮೇಷ್ಟ್ರಾಗಿ ಬಂದಾಗ ಅವನಿಗೆ ಸೀಟಿ ಹಿಡಿಯೋದು ಕಲಿಸಿದ್ದೇ ಶಾಂತಲಾ. ಕಂಡಿದ್ದಕ್ಕೆ ಮಾತ್ರ ಊದಬೇಕು ಕಣೋ ಅಂತ ಹೇಳಿಕೊಟ್ಟಿದ್ಲು. ಮುಂದಿನ ತಿಂಗಳು ಅವನು ಮೊದಲನೇ ಸಲ ರಾಜ್ಯಮಟ್ಟದ ಆಟಕ್ಕೆ ಅಂಪೈರ್ ಆಗಿ ಹೋಗೋನಿದ್ದ. ಬ್ಲೇಜರ್ ಸಹ ಹೊಲಿಸಿಟ್ಟಿದ್ದ. ಅಂಥೋನು ಹಿಂಗ್ಯಾಕೆ ಮಾಡಿದ?

ಅವಳು ಬೆಳಿಗ್ಗೆಯಿಂದ ಆಗಿದ್ದನ್ನೆಲ್ಲ ನೆನೆಸಿಕೊಂಡ್ಲು. ಸೆಮಿಫೈನಲ್‌ನಾಗೆ ರೂಪಶ್ರೀ ಕಾಲು ಎಡವಿ, ಗೆರೆ ದಾಟಿ, ಬೇಗ ಔಟಾಗಿದ್ಲು. ಟೀಮು ಹೆಂಗೋ ಗೆದ್ದಿತ್ತು. ಆಮೇಲೆ ವೀರೇಶ್ “ಬಾ ಇಲ್ಲಿ” ಅಂತ ಮಗಳನ್ನ ಕಟ್ಟಡದ ಹಿಂದಕ್ಕೆ ಕರ್ಕೊಂಡು ಹೋದ. ಬುದ್ಧಿ ಹೇಳಕ್ಕಿರಬೇಕು ಅಂದ್ಕೊಂಡಿದ್ಲು ಶಾಂತಲಾ. ಫೈನಲ್‌ಗೆ ಹುಡುಗಿ ಜರ್ಸಿ ಒಳಗೆ ತುಂಬುತೋಳಿನ ಅಂಗಿ ಹಾಕ್ಕೊಂಡು ಬಂದ್ಲು. ಬಿಸಿಲಿಗೆ ಮೈ ಕಪ್ಪಾಗುತ್ತೆ ಅಂತಿರಬೇಕು. ಆಟ ಶುರುವಾಗೋಕೆ ಮುಂಚೆ ಹುಡುಗೀರ ಉಗುರು, ಬಳೆ ನೋಡೋದು ಅಂಪೈರ್ ಕೆಲಸ. ಆ ಸಾಲಲ್ಲಿ ನಿಂಗರಾಜು ಸರಸರ ಹೋದ, ರೂಪಶ್ರೀ ಹತ್ರ ಮಾತ್ರ ನಿಂತುಬಿಟ್ಟ. ಇಬ್ಬರೂ ಏನೋ ಮಾತಾಡಿದ್ರು. ಅವನು ಬ್ಯಾಡ ಅನ್ನೋ ಹಂಗೆ ತಲೆ ಅಲ್ಲಾಡಿಸಿದ. ಆಮೇಲೆ ಮುಂದಿನ ಹುಡುಗಿ ಕಡೆ ಹೋದ.

ಸಂಜೆ ಹೆಡ್ ಮಾಸ್ಟ್ರ ರೂಮಲ್ಲಿ ಪಂಚಾಯ್ತಿ ಸೇರಿತು. ಒಳಗೆ ಹೋಗೋಕೆ ಮುಂಚೆ ಶಾಂತಲಾ ನಿಂಗರಾಜು ತೋಳು ಹಿಡಿದು ನಿಲ್ಲಿಸಿದ್ಲು.

“ಮುಟ್ಟಿದ್ಲು, ನಾನು ನೋಡಿದೆ ಅಂತ ಹೇಳಿಬಿಡ್ತೀನಿ ಕಣೋ. ನಿನ್ನ ಅಂಪೈರ್ ಬ್ಯಾಡ್ಜ್ ಉಳಿಯುತ್ತೆ.”

“ಬ್ಯಾಡಕ್ಕ. ಮುಟ್ಟಿಲ್ಲ ಅಂತ್ಲೇ ಹೇಳ್ರಿ.” ಅವನ ಕೆನ್ನೆ ಊದಿತ್ತು, ಮಾತು ತೊದಲ್ತಿತ್ತು. “ವೀರೇಶಣ್ಣಗೆ ಕೇಳೋ ಹಂಗೆ ಜೋರಾಗಿ ಹೇಳ್ರಿ.”

ಟೂರ್ನಮೆಂಟ್ ನಡೆಸೋ ವಾಮದೇವಪ್ಪ ಕುರ್ಚೀಲಿ ಕೂತಿದ್ರು. ಹೊಡೆದದ್ದು ತಪ್ಪಾಯ್ತು ಅಂತ ವೀರೇಶ್ ಕೈ ಮುಗಿದ. “ಆದ್ರೆ ಹೆತ್ತ ಕರುಳು ನೋಡ್ರಿ ಸಾರ್, ತಡೀಲಿಲ್ಲ.”

“ಹೇಳಮ್ಮ ಶಾಂತಲಾ. ಮುಟ್ಟಿದ್ಲಾ, ಇಲ್ವಾ?”

ಅವಳು ನಿಂಗರಾಜು ಮುಖ ನೋಡಿದ್ಲು. ಅವನು ನೆಲ ನೋಡ್ತಿದ್ದ.

“ಇಲ್ಲ ಸಾರ್. ಗೇಣು ದೂರ ಇತ್ತು.”

“ಅದು ನಿನಗೂ ಕಂಡಿತ್ತೇನಪ್ಪ ನಿಂಗರಾಜು?”

“ಕಂಡಿತ್ತು ಸಾರ್. ತಪ್ಪಾಯ್ತು.”

 ವಾಮದೇವಪ್ಪ ಕನ್ನಡಕ ತೆಗೆದಿಟ್ರು. “ಹಂಗಾದ್ರೆ ಇನ್ಮೇಲೆ ನೀನು ಅಂಪೈರ್ ಅಲ್ಲಪ್ಪ. ಎಲ್ಲೂ ಅಲ್ಲ.” ನಿಂಗರಾಜು ಬ್ಯಾಡ್ಜ್ ಬಿಚ್ಚಿ, ಸೀಟಿ ಸಮೇತ ಟೇಬಲ್ ಮೇಲಿಟ್ಟು ಹೊರಗೆ ಬಂದ.

ಹೊರಗೆ ವೀರೇಶ್ ಮಗಳಿಗೆ ಮಂಡಕ್ಕಿ ಮಿರ್ಚಿ ಕೊಡಿಸ್ತಿದ್ದ. “ಕೇಳಿದ್ಯಾ? ನಿಂದೇನೂ ತಪ್ಪಿಲ್ಲ ಮಗಳೇ. ಅವನೇ ಸರಿ ಇಲ್ಲ.” ತಲೆ ಸವರಕ್ಕೆ ಕೈ ಎತ್ತಿದ. ಹುಡುಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ್ಲು. ಕೈ ಮೆತ್ತಗೆ ತಲೆ ಮೇಲೆ ಬಂದ ಮೇಲೆ ಕಣ್ಣು ಬಿಟ್ಟು, ಮಿರ್ಚಿ ಕಚ್ಚಿದ್ಲು. ನಿಂಗರಾಜು ಕಡೆ ಒಂದು ಸಲ ನೋಡಿ ಆ ಕಡೆ ತಿರುಗಿದ್ಲು.

ಶಾಂತಲಾಗೆ ಸಿಟ್ಟು, ಸಂಕಟ ಎರಡೂ. “ನಿನ್ನ ಕೈಗೆ ಸೀಟಿ ಕೊಟ್ಟೋಳು ನಾನು. ನನಗಾದ್ರೂ ಹೇಳೋ, ಯಾಕೆ ಹಿಂಗ್ ಮಾಡ್ದೆ?”

ಅಪ್ಪ ಮಗಳು ಬೈಕ್ ಕಡೆ ನಡೆಯೋವರೆಗೂ ನಿಂಗರಾಜು ಕಾದ.

“ಬಳೆ ಐತಾ ಅಂತ ಕೇಳಿದ್ದಕ್ಕೆ ತೋಳು ಏರಿಸಿ ತೋರಿಸಿದ್ಲಕ್ಕ. ಮೊಣಕೈ ತನಕ ಬಾಸುಂಡೆ. ‘ಕಾಲು ಉಳುಕೈತೆ ಸಾರ್, ಈಗಲೂ ಔಟಾಗೇ ಆಗ್ತೀನಿ. ನಾನಾಗೇ ಔಟಾದ್ರೆ ಅಪ್ಪ ಮತ್ತೆ ನನ್ನ ಹೊಡೀತಾರೆ. ಅದಕ್ಕಿಂತ ಮುಂಚೆ ನೀವೇ ತಪ್ಪು ಔಟ್ ಕೊಟ್ಬಿಡ್ರಿ, ನಿಮ್ಮನ್ನ ಹೊಡೀತಾರೆ’ ಅಂದ್ಲು.”

ಬೈಕ್ ಇನ್ನೂ ಗೇಟ್ ದಾಟಿಲ್ಲ. ವಾಮದೇವಪ್ಪ ಇನ್ನೂ ಒಳಗೇ ಕೂತಾರೆ. ಶಾಂತಲಾ ನಡುವೆ ನಿಂತಾಳೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?