ಮಗಳ ಹೆಸರಿನ ಬಟ್ಟಲು

"ಬೀಗಿತ್ತಿ ಮುಂದೇನೇ ಹೇಳ್ಬಿಡಿ ಅಲಮೇಲು! ಗಟ್ಟಿಯಾಗಿ ಹೇಳಿ, ನಾಲ್ಕು ಮನೆಗೆ ಕೇಳೋ ಹಾಗೆ!" ಎಂದರು ಮೀನಾಕ್ಷಮ್ಮ, ಹೊಸಿಲಾಚೆ ಇನ್ನೂ ಚಪ್ಪಲಿ ಬಿಡುತ್ತಿದ್ದ ಹುಡುಗಿಯ ರಟ್ಟೆ ಹಿಡಿದು.

ಅಲಮೇಲು ಬಂದದ್ದು ಕಫ ಪರೀಕ್ಷೆಯ ಫಲಿತಾಂಶ ಹೇಳಲು. ಮೀನಾಕ್ಷಮ್ಮ ಒಬ್ಬರೇ ಇರುತ್ತಾರೆ, ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರಾಯಿತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಇಲ್ಲಿ ನೋಡಿದರೆ ನಡುಮನೆಯ ಚಾಪೆಯ ಮೇಲೆ, ಹಣೆತುಂಬ ವಿಭೂತಿ ಧರಿಸಿದ ಹೆಂಗಸೊಬ್ಬರು ಕಾಫಿ ಲೋಟ ಹಿಡಿದು ಕೂತಿದ್ದಾರೆ! ಹನುಮಂತನಗರದ ಬಸಮ್ಮಣ್ಣಿ. ಮೀನಾಕ್ಷಮ್ಮನವರ ಮಗಳು ಜಯದೇವಿಯನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದವರು.

ಅಲಮೇಲು ಎಂ.ಎ. ವಿದ್ಯಾರ್ಥಿನಿ. ಕ್ಷಯ ಬಂದವರ ಜೊತೆ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವಳ ಸಂಶೋಧನೆ. ಅದಕ್ಕೆ ಮೊದಲು ಕ್ಷಯ ಯಾರಿಗಿದೆ ಅಂತ ಗೊತ್ತಾಗಬೇಕಲ್ಲ! ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಕೆಮ್ಮಣ್ಣಿನ ಧೂಳು ತುಳಿಯುತ್ತ ಮನೆಮನೆ ಹೊಕ್ಕು, ಕೆಮ್ಮುವವರಿಗೆ ಅವರ ಹೆಸರು ಅಂಟಿಸಿದ ಮುಚ್ಚಳದ ಬಟ್ಟಲು ಕೊಟ್ಟು, ಮಾರನೆಯ ಬೆಳಿಗ್ಗೆ ಕಫ ಹಾಕಿಟ್ಟ ಬಟ್ಟಲನ್ನು ಲ್ಯಾಬಿಗೆ ಒಯ್ಯುತ್ತಿದ್ದಳು. ಬಟ್ಟಲು ಕಂಡೇ ಬಾಗಿಲು ಹಾಕಿಕೊಂಡವರು ಎಷ್ಟೋ ಜನ. ಮೀನಾಕ್ಷಮ್ಮ ಮಾತ್ರ ಕರೆದು ಕೂರಿಸಿ, ಬಿಸಿಬಿಸಿ ಅಕ್ಕಿರೊಟ್ಟಿ ತಟ್ಟಿಕೊಟ್ಟು, ಜಯದೇವಿಯ ಹೆಸರಿನಲ್ಲೊಂದು ಬಟ್ಟಲು ಕೇಳಿ ಇಸಿದುಕೊಂಡಿದ್ದರು. ಹುಡುಗಿಯ ಕೆಮ್ಮು ಬೀಗರ ಕಿವಿಗೆ ಬಿದ್ದಿತ್ತಂತೆ. ಪರೀಕ್ಷೆಯಾಗದೆ ಲಗ್ನ ಕಟ್ಟಿಸುವುದಿಲ್ಲ ಎಂದು ಬಸಮ್ಮಣ್ಣಿ ಹಠ ಹಿಡಿದಿದ್ದರಂತೆ.

"ಒಳಗೆ ಹೋಗಿ ಮಾತಾಡೋಣವೇ ಅಮ್ಮ?" ಎಂದಳು ಅಲಮೇಲು.

"ಒಳಗ್ಯಾಕೆ? ಕದ್ದು ಹೇಳೋ ಅಂಥದ್ದು ನಮ್ಮನೇಲಿ ಏನಿದೆ?" ಮೀನಾಕ್ಷಮ್ಮ ಖ್ಯಾಕರಿಸಿ ಗಂಟಲು ಸರಿಮಾಡಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತರು. ಬಾವಿಯಿಂದ ಎರಡೆರಡು ಕೊಡ ನೀರು ಒಟ್ಟಿಗೇ ಹೊತ್ತು ತರುವ ಗಟ್ಟಿ ಹೆಂಗಸು. ನೆಗಡಿ ಅಂತ ಮಲಗಿದ್ದು ನೆನಪೇ ಇಲ್ಲ ಎಂದು ರೊಟ್ಟಿ ತಟ್ಟುತ್ತಲೇ ಕೊಚ್ಚಿಕೊಂಡಿದ್ದರು.

"ಹೇಳಮ್ಮ," ಎಂದರು ಬಸಮ್ಮಣ್ಣಿ. "ನಾನು ಬಂದಿರೋದೂ ಅದಕ್ಕೇ. ನೀನು ಹೇಳದೆ ಹೋದ್ರೆ ಇದೆ ಅಂತಾನೇ ತಿಳ್ಕೋತೀನಿ."

ಮುಗಿಯಿತು, ಅಲಮೇಲು ಸಿಕ್ಕಿಬಿದ್ದಳು. ನಿಜ ಹೇಳಿದರೂ ಮದುವೆ ಮುರಿಯುತ್ತದೆ, ಸುಮ್ಮನಿದ್ದರೂ ಮುರಿಯುತ್ತದೆ. ಸುಳ್ಳು ಹೇಳೋಣವೆಂದರೆ ಹುಡುಗಿ ಔಷಧಿಯಿಲ್ಲದೆ ಸಾಯುತ್ತಾಳೆ. ಅಡುಗೆಮನೆಯ ಬಾಗಿಲ ಹಿಂದೆ ಜಯದೇವಿಯ ಬಳೆ ಸದ್ದಾಯಿತು.

"ಇದೆ ಅಮ್ಮ," ಎಂದಳು ಕೊನೆಗೆ. "ಕಫದಲ್ಲಿ ಕ್ಷಯ ಇದೆ. ಆದರೆ ಹೆದರಬೇಡಿ, ಈಗ ಒಳ್ಳೊಳ್ಳೆ ಔಷಧಿ..."

ಬಸಮ್ಮಣ್ಣಿ ಲೋಟ ಕೆಳಗಿಟ್ಟರು. "ಶಿವಶಿವಾ!" ಎನ್ನುತ್ತ ಸೆರಗು ಒಟ್ಟುಮಾಡಿಕೊಂಡು ಎದ್ದೇಬಿಟ್ಟರು. ಮೀನಾಕ್ಷಮ್ಮ ಓಡಿಹೋಗಿ ಅವರ ಮುಂಗೈ ಹಿಡಿದರು.

"ಕೂತ್ಕೊಳ್ಳಿ ಬೀಗಿತ್ತಿ, ನಿಮ್ಮ ದಮ್ಮಯ್ಯ! ಅದು ಜಯದೇವೀದಲ್ಲ! ನನ್ನ ಲಿಂಗದಾಣೆ ಅಲ್ಲ! ಏನೋ ಒಂದು ಭಯಕ್ಕೆ ಅವಳದ್ದನ್ನ ಬಚ್ಚಲಿಗೆ ಚೆಲ್ಲಿ, ಬಟ್ಟಲು ತೊಳೆದು, ನಂದು ಹಾಕಿ ಕೊಟ್ಟೆ. ನನ್ನ ಮಗಳಿಗೆ ಏನೂ ಇಲ್ಲ ಕಣ್ರೀ, ಅದು ನಂದು! ನಂದು..."

ಎರಡನೆಯ ಸಲ ಆ ಮಾತು ಅರ್ಧಕ್ಕೇ ನಿಂತಿತು.

ಮೀನಾಕ್ಷಮ್ಮನವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವರು ಅಲಮೇಲುವಿನತ್ತ ತಿರುಗಿ, ಮೇಷ್ಟರ ಮುಂದೆ ನಿಂತ ಮಗುವಿನ ಹಾಗೆ ಕೇಳಿದರು: "ನಂಗೆ ಕೆಮ್ಮೇ ಇಲ್ವಲ್ಲಮ್ಮ? ಬೆಳಿಗ್ಗೆ ಎದ್ದಾಗ ಒಂಚೂರು ಗಂಟಲು ಕಟ್ಟುತ್ತೆ, ಅಷ್ಟೇ. ಅದು ಎಲ್ರಿಗೂ ಇರುತ್ತಲ್ವಾ?"

ಅಲಮೇಲು ಓದಿದ್ದ ಪುಸ್ತಕಗಳಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ. ಅವಳಿಗೆ ನೆನಪಾದದ್ದು ಒಂದೇ, ಆ ಕೈಯಿಂದ ತಾನು ತಿಂದ ಅಕ್ಕಿರೊಟ್ಟಿ. ಇಂಥ ಹೊತ್ತಿನಲ್ಲಿ ಅದು ನೆನಪಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಬಸಮ್ಮಣ್ಣಿ ಕೈ ಬಿಡಿಸಿಕೊಂಡು ಮುಂಗೈಯನ್ನು ಸೆರಗಿನಿಂದ ಒರೆಸಿಕೊಂಡರು. "ಹಂಗಾದ್ರೆ ಹುಡುಗೀದು?" ಎಂದರು.

ಅಷ್ಟರಲ್ಲಿ ಜಯದೇವಿ, "ಅಮ್ಮಾ!" ಎಂದು ಅಡುಗೆಮನೆಯಿಂದ ಓಡಿಬಂದಳು.

"ಅಲ್ಲೇ ನಿಲ್ಲು!" ಮೀನಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಂಡರು. "ಹತ್ರ ಬರಬೇಡ ಕಣೇ ನನ್ನವ್ವ, ನಿಂಗೆ ಕೈಮುಗೀತೀನಿ. ನಂದು ನಿಂಗೆ ತಗುಲೀತು."

ಜಯದೇವಿ ನಡುಮನೆಯಲ್ಲಿ ನಿಂತುಬಿಟ್ಟಳು. ಬೀಗಿತ್ತಿ ಬಂದಾಗಿನಿಂದ ಸೆರಗು ಕಚ್ಚಿ ತಡೆದುಕೊಂಡಿದ್ದ ಕೆಮ್ಮು ಆಗ ಬಂತು.