ಬೆನ್ನಿನ ಜಿಪ್

ಜಿಪ್ ಸೊಂಟದಿಂದ ಒಂದು ಗೇಣು ಮೇಲೆ ಬಂದು ನಿಂತೇಬಿಟ್ಟಿತು. ಎಷ್ಟು ತಿಣುಕಿದರೂ ಕಿರಿಯ ಸೊಸೆಯ ಕೈ ಅಲ್ಲಿಗೆ ಎಟುಕಲಿಲ್ಲ. ಹಡಗಿನಲ್ಲಿ ಇವತ್ತಿನ ಊಟಕ್ಕೆ ಹೆಂಗಸರಿಗೆ ಗೌನ್, ಗಂಡಸರಿಗೆ ಸೂಟು ಕಡ್ಡಾಯವೆಂದು ಬಾಗಿಲಿಗೇ ಚೀಟಿ ಅಂಟಿಸಿದ್ದರು. ಅವಳ ಗಂಡನೂ ಭಾವನೂ ಆಗಲೇ ಟೈ ಬಿಗಿದುಕೊಂಡು ಮೇಲಿನ ಹಾಲ್‌ಗೆ ಹೋಗಿದ್ದರು. ಕ್ಯಾಬಿನ್‌ನಲ್ಲಿ ಉಳಿದಿದ್ದವಳು ಓರಗಿತ್ತಿ, ಹಿರಿಯ ಸೊಸೆ ಒಬ್ಬಳೇ.

ಅತ್ತೆಯ ಕೊನೆಗಾಲದಲ್ಲಿ ಯಾರು ಹೆಚ್ಚು ಚಾಕರಿ ಮಾಡಿದರೆಂದು ಜಗಳವಾಗಿ, ಎರಡು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಒಂದೇ ಕ್ಯಾಬಿನ್‌ಗೆ ಹಾಕಿದರೆ ಸರಿಹೋಗುತ್ತಾರೆಂದು ಅಣ್ಣತಮ್ಮಂದಿರು ನಂಬಿದ್ದರು. ಮೂರು ದಿನವೂ ಇಬ್ಬರೂ ಗೋಡೆಗೆ ಮುಖ ಮಾಡಿಯೇ ಮಲಗಿದ್ದರು.

ಕಿರಿಯವಳು ಗಂಡನಿಗೆ ಫೋನ್ ಮಾಡಿದಳು, ಸಿಗ್ನಲ್ ಇರಲಿಲ್ಲ. ಕೊನೆಗೆ, ಓಲೆ ಹಾಕಿಕೊಳ್ಳುತ್ತಿದ್ದ ಹಿರಿಯವಳ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಬೆನ್ನ ಹಿಂದೆ ಓಲೆಯನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ತಣ್ಣನೆಯ ಬೆರಳುಗಳು ಬಟ್ಟೆಯ ಎರಡು ಅಂಚನ್ನೂ ಸೇರಿಸಿ ಹಿಡಿದವು.

“ಉಸಿರು ಒಳಗೆ ಎಳ್ಕೊ.”

“ಎಳ್ಕೊಂಡೇ ಇದೀನಿ, ಅಕ್ಕ.”

“ಇನ್ನೂ ಎಳ್ಕೊ. ಮೂರು ದಿನದಿಂದ ನೀನು ಐಸ್‌ಕ್ರೀಮ್ ಬಾರಿಸೋದನ್ನ ನೋಡ್ತಾನೇ ಇದೀನಿ.”

ಕಿರಿಯವಳು ನಗು ತಡೆಯಲಾರದೆ ಉಸಿರು ಬಿಟ್ಟುಬಿಟ್ಟಳು. ಕುತ್ತಿಗೆಯವರೆಗೆ ಬಂದಿದ್ದ ಜಿಪ್ ಸರ್ರನೆ ಕೆಳಗಿಳಿಯಿತು.